ಸೀರಿಯಲ್ ಮಾನಿಟರಿನಲ್ಲಿ ಕಸ ಯಾಕೆ ಬರುತ್ತದೆ

ಆರ್ಡುಯಿನೊ ಬೋರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ‘ಹಲೋ’ ಎಂದು ಕಳಿಸುವ ನಾಲ್ಕು ಸಾಲು ಬರೆದು ಅಪ್‌ಲೋಡ್ ಮಾಡುವುದು ಹತ್ತು ನಿಮಿಷದ ಕೆಲಸ. ಬೋರ್ಡು ಕಳಿಸಿದ್ದನ್ನು ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್ ತೆರೆದಾಗ ಹಲೋ ಬದಲು ತಲೆಕೆಳಗಾದ ಪ್ರಶ್ನೆ ಚಿಹ್ನೆ, ಖಾಲಿ ಚೌಕ, ಗುರುತಿಲ್ಲದ ಅಕ್ಷರಗಳು ಬಂದರೆ ಹೊಸಬರು ಮೊದಲು ಅನುಮಾನಿಸುವುದು ಕೋಡನ್ನು. ತಪ್ಪು ಅಲ್ಲಿರುವುದು ಕಡಿಮೆ. ಸೀರಿಯಲ್ ಎಂದರೆ ತಂತಿಯ ಮೇಲೆ ವೋಲ್ಟೇಜ್ ಏರುವುದು, ಇಳಿಯುವುದು, ಅಷ್ಟೇ. ಎಷ್ಟು ವೇಗ, ಎಷ್ಟು ವೋಲ್ಟ್, ಯಾವ ಬಿಟ್ ಮೊದಲು, ಬಂದ ಬೈಟ್ ಅಕ್ಷರವೋ ಸಂಖ್ಯೆಯೋ, ಇದ್ಯಾವುದನ್ನೂ ತಂತಿ ಹೇಳುವುದಿಲ್ಲ. ಎರಡೂ ಕಡೆಗೆ ಇವೆಲ್ಲ ಮೊದಲೇ ಗೊತ್ತಿರಬೇಕು. ಎಲ್ಲಿ ಹೊಂದಿಕೆ ತಪ್ಪಿತೋ ಅಲ್ಲಿಂದ ಕಸ.

ಇಲ್ಲಿ ಮುಖ್ಯವಾಗಿ ಇಟ್ಟುಕೊಂಡಿರುವುದು ಆರ್ಡುಯಿನೊ ಊನೊ ಆರ್3 ಬೋರ್ಡು, ಅಂದರೆ 16 ಮೆಗಾಹರ್ಟ್ಸ್‌ನಲ್ಲಿ ಓಡುವ ಎಟಿಮೆಗಾ328ಪಿ. ಕಾಲೇಜು ಲ್ಯಾಬಿನ ಹಳೆಯ ಮೈಕ್ರೋಕಂಟ್ರೋಲರ್ 8051, 3.3 ವೋಲ್ಟಿನ ಇಎಸ್‌ಪಿ ಬೋರ್ಡುಗಳೂ ನಡುನಡುವೆ ಬರುತ್ತವೆ. ಕೋಡನ್ನು ಸಾಲುಸಾಲಾಗಿ ಕೊಡುತ್ತಿಲ್ಲ. ಕೋಡು ಬರೆದು ಅಪ್‌ಲೋಡ್ ಮಾಡುವ ಆರ್ಡುಯಿನೊ ಐಡಿಇಯ ಎಕ್ಸಾಂಪಲ್ಸ್ ಮೆನುವಿನಲ್ಲಿ ಬೇಕಾದಷ್ಟಿದೆ. ಆ ಕೋಡು ಯಾಕೆ ನಡೆಯುವುದಿಲ್ಲ ಎನ್ನುವುದು ಅಲ್ಲಿಲ್ಲ.

ತಂತಿಯ ಮೇಲೆ ಏನು ಹೋಗುತ್ತದೆ

ಕಳಿಸುವ ಪಿನ್ ಟಿಎಕ್ಸ್, ಪಡೆಯುವ ಪಿನ್ ಆರ್‌ಎಕ್ಸ್. ಸುಮ್ಮನಿರುವಾಗ ಟಿಎಕ್ಸ್ ಪಿನ್ ಹೈ ಆಗಿರುತ್ತದೆ. ಊನೊದಲ್ಲಿ 5 ವೋಲ್ಟ್, ಇಎಸ್‌ಪಿ32ರಲ್ಲಿ 3.3. ಒಂದು ಬೈಟ್ ಕಳಿಸಬೇಕಾದಾಗ ಮೊದಲು ಒಂದು ಬಿಟ್‌ನ ಅವಧಿಯಷ್ಟು ಲೈನ್ ಲೋ ಆಗುತ್ತದೆ. ಅದು ಸ್ಟಾರ್ಟ್ ಬಿಟ್. ಅದರ ಹಿಂದೆ ಎಂಟು ಡೇಟಾ ಬಿಟ್, ಕಡಿಮೆ ಬೆಲೆಯ ಬಿಟ್ ಮೊದಲು. ಕೊನೆಗೆ ಒಂದು ಬಿಟ್ ಹೈ, ಸ್ಟಾಪ್ ಬಿಟ್. ಇಂಗ್ಲಿಷಿನ ದೊಡ್ಡಕ್ಷರ ‘ಎ’ ತೆಗೆದುಕೊಳ್ಳಿ: ಅದರ ಆಸ್ಕಿ ಬೆಲೆ 65, ಬೈನರಿಯಲ್ಲಿ 01000001. ತಂತಿಯ ಮೇಲೆ ಅದು ಹೋಗುವ ಕ್ರಮ 0, ಆಮೇಲೆ 1 0 0 0 0 0 1 0, ಕೊನೆಗೆ 1. ಎಂಟು ಬಿಟ್‌ನ ಮಾಹಿತಿಗೆ ಒಟ್ಟು ಹತ್ತು ಬಿಟ್ ಖರ್ಚು. ತಪ್ಪು ಹಿಡಿಯಲು ಸೇರಿಸುವ ಪ್ಯಾರಿಟಿ ಬಿಟ್ ಇಲ್ಲದ ಈ ರೂಪವನ್ನೇ 8ಎನ್1 ಅನ್ನುವುದು. ಬೇರೆ ಕಾರಣ ಇಲ್ಲದಿದ್ದರೆ ಇದನ್ನು ಮುಟ್ಟಬೇಡಿ.

9600 ಬಾಡ್ ಎಂದರೆ ಸೆಕೆಂಡಿಗೆ 9600 ಬಿಟ್, ಒಂದು ಬಿಟ್‌ಗೆ 104 ಮೈಕ್ರೋಸೆಕೆಂಡ್. ಹತ್ತು ಬಿಟ್‌ಗೆ ಒಂದು ಅಕ್ಷರ, ಹಾಗಾಗಿ ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರ. 115200ರಲ್ಲಿ ಒಂದು ಬಿಟ್‌ಗೆ 8.68 ಮೈಕ್ರೋಸೆಕೆಂಡ್, ಸೆಕೆಂಡಿಗೆ 11520 ಅಕ್ಷರ. ಈ ಲೆಕ್ಕ ತಲೆಯಲ್ಲಿರಲಿ, ಮುಂದೆ ಬಫರಿನ ವಿಷಯ ಬಂದಾಗ ಬೇಕಾಗುತ್ತದೆ.

ಕ್ಲಾಕ್‌ಗೆ ಬೇರೆ ತಂತಿ ಇಲ್ಲ. ಲೈನ್ ಹೈನಿಂದ ಲೋಗೆ ಬಿದ್ದ ಕ್ಷಣವನ್ನು ಹಿಡಿದುಕೊಂಡು, ಅಲ್ಲಿಂದ ಒಂದೂವರೆ ಬಿಟ್ ಕಾದು ಮೊದಲ ಡೇಟಾ ಬಿಟ್ಟಿನ ನಟ್ಟನಡುವೆ ಓದಿ, ಆಮೇಲೆ ಒಂದೊಂದು ಬಿಟ್ ಅಂತರದಲ್ಲಿ ಉಳಿದವನ್ನು ಓದುವುದು ಪಡೆಯುವ ಚಿಪ್ಪಿನ ಕೆಲಸ. ಎರಡು ಕಡೆಯ ಗಡಿಯಾರಗಳಲ್ಲಿ ವ್ಯತ್ಯಾಸ ಇದ್ದರೆ ಓದುವ ಜಾಗ ಬಿಟ್‌ನಿಂದ ಬಿಟ್‌ಗೆ ಜಾರುತ್ತ ಹೋಗುತ್ತದೆ. ಸ್ಟಾಪ್ ಬಿಟ್ ತಲುಪುವಷ್ಟರಲ್ಲಿ ಒಟ್ಟು ಅರ್ಧ ಬಿಟ್ ಜಾರಿದರೆ ಆಟ ಮುಗಿಯಿತು. ಲೆಕ್ಕ ಹಾಕಿದರೆ ಎರಡೂ ಕಡೆ ಸೇರಿ ಸುಮಾರು 5% ತಪ್ಪಿಗೆ ಜಾಗ ಇದೆ. ಒಂದೊಂದು ಕಡೆಗೆ 2% ಒಳಗಿದ್ದರೆ ನೆಮ್ಮದಿ. ಮುಂದಿನ ಸ್ಟಾರ್ಟ್ ಬಿಟ್‌ನಲ್ಲಿ ಎಣಿಕೆ ಹೊಸದಾಗಿ ಶುರುವಾಗುವುದರಿಂದ ತಪ್ಪು ಒಂದು ಬೈಟ್‌ನಿಂದ ಇನ್ನೊಂದಕ್ಕೆ ಸೇರುತ್ತ ಹೋಗುವುದಿಲ್ಲ.

ವೇಗ ನಿಜವಾಗಿ ಎಷ್ಟಿದೆ ಎಂದು ಅಳೆಯಲು ಆಸಿಲೋಸ್ಕೋಪ್ ಬೇಕೇಬೇಕು ಎಂದಿಲ್ಲ. ದೊಡ್ಡಕ್ಷರ ‘ಯು’ವಿನ ಬೆಲೆ 85, ಬೈನರಿಯಲ್ಲಿ 01010101. ಸ್ಟಾರ್ಟ್, ಸ್ಟಾಪ್ ಸೇರಿಸಿ ಬರೆದರೆ ತಂತಿಯ ಮೇಲೆ 0 1 0 1 0 1 0 1 0 1. ಸೆಟಪ್‌ನಲ್ಲಿ ಪೋರ್ಟ್ ತೆರೆದು, ಲೂಪ್‌ನಲ್ಲಿ ಹೊಸ ಸಾಲು, ಡಿಲೇ ಏನೂ ಇಲ್ಲದೆ ಬರೀ ಈ ಅಕ್ಷರವನ್ನೇ ಕಳಿಸುತ್ತಿದ್ದರೆ ಅಚ್ಚುಕಟ್ಟಾದ ಸ್ಕ್ವೇರ್ ವೇವ್ ಸಿಗುತ್ತದೆ. 9600 ಬಾಡ್‌ಗೆ ಸರಿಯಾಗಿ 4800 ಹರ್ಟ್ಸ್. ಫ್ರೀಕ್ವೆನ್ಸಿ ತೋರಿಸುವ ಮಲ್ಟಿಮೀಟರಿನ ಒಂದು ಮುಳ್ಳನ್ನು ಟಿಎಕ್ಸ್‌ಗೆ, ಇನ್ನೊಂದನ್ನು ಗ್ರೌಂಡಿಗೆ ಇಡಿ. ಬಂದ ಸಂಖ್ಯೆಯ ಎರಡರಷ್ಟು ನಿಮ್ಮ ನಿಜವಾದ ಬಾಡ್ ರೇಟ್. ಮೀಟರ್ 5200ರ ಹತ್ತಿರ ತೋರಿಸಿದರೆ ಕೋಡಿನಲ್ಲಿ 9600 ಎಂದು ಬರೆದಿದ್ದೀರಿ ಎನ್ನುವುದಕ್ಕೆ ಬೆಲೆ ಇಲ್ಲ.

11.0592 ಎಂಬ ವಿಚಿತ್ರ ಸಂಖ್ಯೆ

ವಿಟಿಯು ಕಾಲೇಜುಗಳಲ್ಲಿ 8051 ಲ್ಯಾಬ್ ಮಾಡಿದವರು ಕಿಟ್‌ನ ಮೇಲೆ 11.0592 ಮೆಗಾಹರ್ಟ್ಸ್ ಕ್ರಿಸ್ಟಲ್ ನೋಡಿರುತ್ತಾರೆ. ಟಿಎಚ್1 ರಿಜಿಸ್ಟರಿಗೆ ಎಫ್‌ಡಿ ಹಾಕಬೇಕು ಎಂಬುದನ್ನು ವೈವಾಗೆ ಬಾಯಿಪಾಠ ಮಾಡಿರುತ್ತಾರೆ. 12ರಂಥ ಸರಳ ಸಂಖ್ಯೆ ಬಿಟ್ಟು ಇದೇ ಯಾಕೆ ಎಂದರೆ ಭಾಗಾಕಾರ ಮಾಡಿ ನೋಡಬೇಕು.

ಹಳೆಯ 8051ರಲ್ಲಿ ಒಂದು ಮೆಷೀನ್ ಸೈಕಲ್‌ಗೆ 12 ಕ್ಲಾಕ್. 11.0592 ಮೆಗಾಹರ್ಟ್ಸನ್ನು 12ರಿಂದ ಭಾಗಿಸಿದರೆ 921600. ಸೀರಿಯಲ್ ಪೋರ್ಟ್ ಅದನ್ನು ಇನ್ನೂ 32ರಿಂದ ಭಾಗಿಸುತ್ತದೆ: 28800. ಇದಕ್ಕೆ 3ರಿಂದ ಭಾಗ ಹಾಕಿದರೆ 9600, ಶೇಷ ಸೊನ್ನೆ. ಟೈಮರ್ 1 ಮೋಡ್ 2ರಲ್ಲಿ 256ರವರೆಗೆ ಎಣಿಸಿ ಮತ್ತೆ ಶುರುವಾಗುವುದರಿಂದ 256ರಲ್ಲಿ 3 ಕಳೆದು 253, ಹೆಕ್ಸ್‌ನಲ್ಲಿ ಎಫ್‌ಡಿ. ಬಾಯಿಪಾಠದ ಎಫ್‌ಡಿ ಬಂದದ್ದು ಇಲ್ಲಿಂದ.

ಈಗ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿ. 10 ಲಕ್ಷವನ್ನು 32ರಿಂದ ಭಾಗಿಸಿದರೆ 31250. 3ರಿಂದ ಭಾಗಿಸಿದರೆ 10417. ಬೇಕಾಗಿದ್ದಕ್ಕಿಂತ 8.5% ಜಾಸ್ತಿ. 4ರಿಂದ ಭಾಗಿಸಿದರೆ 7812, ಇನ್ನೂ ದೂರ. ನಡುವಿನ ಸಂಖ್ಯೆ ಇಲ್ಲವೇ ಇಲ್ಲ. 8.5% ಎಂದರೆ ಆರನೇ ಬಿಟ್‌ನ ಹೊತ್ತಿಗೇ ಅರ್ಧ ಬಿಟ್ ಜಾರಿರುತ್ತದೆ. ಕೋಡು ಎಷ್ಟು ಶುದ್ಧವಾಗಿದ್ದರೂ ಪರದೆಯ ಮೇಲೆ ಕಸವೇ. ಹಾಗೆಂದು 12ರ ಕ್ರಿಸ್ಟಲ್ಲನ್ನು ಎಸೆಯಬೇಕಾಗಿಲ್ಲ. ಅದೇ 31250ನ್ನು 13ರಿಂದ ಭಾಗಿಸಿದರೆ 2404. 2400 ಬಾಡ್‌ಗೆ ತಪ್ಪು 0.16% ಮಾತ್ರ. ಟಿಎಚ್1ಗೆ 243 ಹಾಕಿ, ವೇಗವನ್ನು ದುಪ್ಪಟ್ಟು ಮಾಡುವ ಎಸ್‌ಮಾಡ್ ಬಿಟ್ಟನ್ನು 1 ಮಾಡಿದರೆ 4800 ಕೂಡ ಅಷ್ಟೇ ಚೆನ್ನಾಗಿ ಸಿಗುತ್ತದೆ. 9600 ಬೇಕೇಬೇಕೆಂದರೆ ಮಾತ್ರ ಕ್ರಿಸ್ಟಲ್ ಬದಲಿಸಿ.

8051ರಲ್ಲೇ ಇನ್ನೊಂದು: ಬೈಟ್ ಹೋಯಿತು ಎನ್ನುವ ಟಿಐ, ಬೈಟ್ ಬಂತು ಎನ್ನುವ ಆರ್‌ಐ ಫ್ಲ್ಯಾಗ್‌ಗಳನ್ನು ಹಾರ್ಡ್‌ವೇರ್ 1 ಮಾಡುತ್ತದೆ, 0 ಮಾಡುವುದು ನಿಮ್ಮ ಕೆಲಸ. ಮರೆತರೆ ಮೊದಲ ಬೈಟ್ ಬಂದಂತೆಯೇ ಮತ್ತೆ ಮತ್ತೆ ಬರುತ್ತಿದೆ ಎಂದು ಪ್ರೋಗ್ರಾಂ ತಿಳಿಯುತ್ತದೆ. ಕೈಲ್ ಎಂಬ ಕಂಪೈಲರಿನಲ್ಲಿ ಪ್ರಿಂಟ್‌ಎಫ್ ಬಳಸುವವರಿಗೆ ಇದರ ಉಲ್ಟಾ ಕಾಟ: ಅದು ಟಿಐ 1 ಆಗುವವರೆಗೆ ಕಾಯುತ್ತದೆ, ಹಾಗಾಗಿ ಶುರುವಿನಲ್ಲಿ ಒಮ್ಮೆ ಟಿಐಯನ್ನು ನೀವೇ 1 ಮಾಡದಿದ್ದರೆ ಒಂದು ಅಕ್ಷರವೂ ಹೊರಬರದೆ ಪ್ರೋಗ್ರಾಂ ಅಲ್ಲೇ ಕೂರುತ್ತದೆ.

ಊನೊದಲ್ಲಿ 9600ಕ್ಕೆ ತಪ್ಪು 0.2% ಆಸುಪಾಸು, ಯೋಚನೆ ಬೇಡ. 115200ಕ್ಕೆ 16 ಮೆಗಾಹರ್ಟ್ಸ್ ಸರಿಯಾಗಿ ಭಾಗವಾಗುವುದಿಲ್ಲ. ನಿಜವಾಗಿ ಸಿಗುವುದು 117647, ಅಂದರೆ 2.1% ಜಾಸ್ತಿ. ಸಾಮಾನ್ಯವಾಗಿ ನಡೆಯುತ್ತದೆ, ಆದರೆ ಅಂಚಿನಲ್ಲಿ ನಡೆಯುತ್ತದೆ. ಕ್ರಿಸ್ಟಲ್ ಇಲ್ಲದೆ ಬ್ರೆಡ್‌ಬೋರ್ಡಿನ ಮೇಲೆ ಒಂಟಿ ಎಟಿಮೆಗಾ328ಪಿಯನ್ನು ಒಳಗಿನ 8 ಮೆಗಾಹರ್ಟ್ಸ್ ಆಸಿಲೇಟರಿನಲ್ಲಿ ಓಡಿಸುವವರು ಹುಷಾರಾಗಿರಬೇಕು. ಆ ಆಸಿಲೇಟರಿಗೆ ಫ್ಯಾಕ್ಟರಿ ಕೊಡುವ ಖಾತ್ರಿ ಪ್ಲಸ್ ಮೈನಸ್ 10% ಮಾತ್ರ. ಒಂದು ಚಿಪ್ಪಿನಲ್ಲಿ ನಡೆದ ಕೋಡು ಇನ್ನೊಂದರಲ್ಲಿ ಕಸ ಉಗುಳಿದರೆ ಆಶ್ಚರ್ಯವಿಲ್ಲ.

ಇಎಸ್‌ಪಿ8266 ಬೋರ್ಡ್ ಆನ್ ಮಾಡಿದ ಕೂಡಲೇ ಒಂದೆರಡು ಸಾಲು ಕಸ ಬಂದು ಆಮೇಲೆ ನಿಮ್ಮ ಸಂದೇಶ ಸರಿಯಾಗಿ ಬರುತ್ತದೆಯೇ? ಅದು ಕಾಯಿಲೆ ಅಲ್ಲ. ಆ ಚಿಪ್ಪಿನ ಒಳಗಿನ ಬೂಟ್ ರಾಮ್ 40 ಮೆಗಾಹರ್ಟ್ಸ್ ಕ್ರಿಸ್ಟಲ್ ಇದೆ ಎಂದುಕೊಂಡು 115200ರಲ್ಲಿ ಮಾತಾಡುತ್ತದೆ; ಬೋರ್ಡಿನ ಮೇಲೆ ಇರುವುದು 26 ಮೆಗಾಹರ್ಟ್ಸ್. 115200ನ್ನು 26ರಿಂದ ಗುಣಿಸಿ 40ರಿಂದ ಭಾಗಿಸಿ: 74880. ಮಾನಿಟರನ್ನು 74880ಕ್ಕೆ ಇಟ್ಟು ರೀಸೆಟ್ ಒತ್ತಿದರೆ ಅದೇ ಕಸ ಓದಬಹುದಾದ ಬೂಟ್ ಸಂದೇಶವಾಗುತ್ತದೆ. ಬೋರ್ಡ್ ಪದೇಪದೇ ರೀಸೆಟ್ ಆಗುತ್ತಿದ್ದರೆ ಕಾರಣದ ಸುಳಿವು ಇರುವುದು ಆ ಸಾಲುಗಳಲ್ಲೇ.

ವೈರು, ವೋಲ್ಟು

ಬೇಕಾಗಿರುವುದು ಮೂರು ವೈರು. ಕಂಪ್ಯೂಟರ್ ಕಡೆಯ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ, ಬೋರ್ಡಿನ ಟಿಎಕ್ಸ್ ಕಂಪ್ಯೂಟರ್ ಕಡೆಯ ಆರ್‌ಎಕ್ಸ್‌ಗೆ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ. ಮೂರನೆಯದು ಗ್ರೌಂಡ್. ಎರಡೂ ಕಡೆಗೆ ಪ್ರತ್ಯೇಕ ಪವರ್ ಇದೆ, ಗ್ರೌಂಡ್ ಯಾಕೆ ಎಂದು ಬಿಟ್ಟವರಿಗೆ ಕೆಲವೊಮ್ಮೆ ಕೆಲಸ ಮಾಡಿ ಕೆಲವೊಮ್ಮೆ ಕೈಕೊಡುವ ಲಿಂಕ್ ಸಿಗುತ್ತದೆ. 5 ವೋಲ್ಟ್ ಎನ್ನುವುದು ಯಾವುದಕ್ಕೆ ಹೋಲಿಸಿ 5 ಎಂಬುದು ಎರಡೂ ಕಡೆ ಒಂದೇ ಆಗಿರಬೇಕಲ್ಲ. ಬೋರ್ಡಿಗೆ ಬೇರೆ ಕಡೆಯಿಂದ ಪವರ್ ಬರುತ್ತಿದ್ದರೆ ಯುಎಸ್‌ಬಿ-ಸೀರಿಯಲ್ ಅಡಾಪ್ಟರಿನ 5 ವೋಲ್ಟ್ ಪಿನ್ ಜೋಡಿಸಬೇಡಿ.

ಊನೊದ ಯುಎಸ್‌ಬಿ ಕೇಬಲ್ ಬಳಸುವವರಿಗೆ ಈ ಮೂರು ವೈರು ಕಾಣುವುದಿಲ್ಲ. ಬೋರ್ಡಿನ ಮೇಲಿರುವ ಎಟಿಮೆಗಾ16ಯು2, ನಕಲಿ ಬೋರ್ಡುಗಳಲ್ಲಿ ಹೆಚ್ಚಾಗಿ ಸಿಎಚ್340, ಯುಎಸ್‌ಬಿಯನ್ನು ಸೀರಿಯಲ್‌ಗೆ ಬದಲಿಸಿ ಡಿಜಿಟಲ್ ಪಿನ್ 0 ಮತ್ತು 1ಕ್ಕೆ ಕೊಡುತ್ತದೆ. ಅದಕ್ಕೇ ಆ ಎರಡು ಪಿನ್‌ಗೆ ಬ್ಲೂಟೂತ್ ಮಾಡ್ಯೂಲೋ ಜಿಎಸ್‌ಎಂ ಮಾಡ್ಯೂಲೋ ಸಿಕ್ಕಿಸಿಟ್ಟು ಅಪ್‌ಲೋಡ್ ಮಾಡಹೊರಟರೆ ‘ನಾಟ್ ಇನ್ ಸಿಂಕ್’ ಎಂಬ ಎರರ್ ಹತ್ತು ಸಲ ಬಂದು ನಿಲ್ಲುತ್ತದೆ. ಒಂದೇ ಆರ್‌ಎಕ್ಸ್ ಮೇಲೆ ಇಬ್ಬರು ಮಾತಾಡುತ್ತಿದ್ದಾರೆ. ಮಾಡ್ಯೂಲಿನ ವೈರು ಕಿತ್ತು ಅಪ್‌ಲೋಡ್ ಮಾಡಿ, ಆಮೇಲೆ ಸಿಕ್ಕಿಸಿ. ಇಲ್ಲವೇ ಸಾಫ್ಟ್‌ವೇರ್‌ಸೀರಿಯಲ್ ಲೈಬ್ರರಿ ಬಳಸಿ ಮಾಡ್ಯೂಲನ್ನು 10, 11ನೇ ಪಿನ್‌ಗೆ ಸರಿಸಿ. ಆ ಲೈಬ್ರರಿ ಒಂದೇ ಹೊತ್ತಿಗೆ ಕಳಿಸಿ ಪಡೆಯಲಾರದು, ಜೋರು ವೇಗದಲ್ಲಿ ಬೈಟ್ ಬಿಡುತ್ತದೆ. 9600ರಲ್ಲಿ ಇಟ್ಟರೆ ತಕರಾರಿಲ್ಲ.

ವೋಲ್ಟೇಜಿನ ತಪ್ಪು ಕಸವನ್ನಷ್ಟೇ ಕೊಡುವುದಿಲ್ಲ, ಚಿಪ್ಪನ್ನೂ ತಿನ್ನುತ್ತದೆ. ಇಎಸ್‌ಪಿ32, ರಾಸ್ಪ್‌ಬೆರಿ ಪೈ, ಪೈ ಪಿಕೊ ಎಲ್ಲ 3.3 ವೋಲ್ಟಿನವು. 5 ವೋಲ್ಟಿನ ಟಿಎಕ್ಸನ್ನು ಅವುಗಳ ಆರ್‌ಎಕ್ಸ್‌ಗೆ ನೇರ ಕೊಡಬಾರದು. ಎರಡು ರೆಸಿಸ್ಟರ್ ಸಾಕು: 5 ವೋಲ್ಟಿನ ಟಿಎಕ್ಸ್‌ನಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋಓಮ್, ನಡುವಿನ ಜಾಗದಿಂದ ಆರ್‌ಎಕ್ಸ್‌ಗೆ. ಸಿಗುವುದು 3.33 ವೋಲ್ಟ್. 2 ಕಿಲೋಓಮ್ ಸಿಗದಿದ್ದರೆ ಎರಡು 1 ಕಿಲೋಓಮ್ ಸಾಲಾಗಿ ಜೋಡಿಸಿ. ತಿರುಗಿ ಬರುವ ದಾರಿಗೆ ಏನೂ ಬೇಡ: 5 ವೋಲ್ಟಿನ ಎಟಿಮೆಗಾ 3 ವೋಲ್ಟ್ ದಾಟಿದ್ದನ್ನು ಹೈ ಎಂದೇ ಓದುತ್ತದೆ, 3.3 ಅದರ ಮೇಲಿದೆ.

ಹಳೆಯ ಡೆಸ್ಕ್‌ಟಾಪಿನ ಒಂಬತ್ತು ಪಿನ್ನಿನ ಪೋರ್ಟು ಬೇರೆಯೇ ಜಾತಿ. ಆರ್‌ಎಸ್-232ರಲ್ಲಿ 1 ಎಂದರೆ ಮೈನಸ್ 3ರಿಂದ ಮೈನಸ್ 15 ವೋಲ್ಟ್, 0 ಎಂದರೆ ಪ್ಲಸ್ 3ರಿಂದ ಪ್ಲಸ್ 15. ವೋಲ್ಟೇಜ್ ಹೆಚ್ಚು ಎನ್ನುವುದು ಒಂದು, ತಲೆಕೆಳಗು ಎನ್ನುವುದು ಇನ್ನೊಂದು. ನಡುವೆ ಎರಡನ್ನೂ ಸರಿಪಡಿಸುವ ಮ್ಯಾಕ್ಸ್232 ಚಿಪ್ ಬೇಕು, ಅದರ ಜೊತೆಗೆ 1 ಮೈಕ್ರೋಫ್ಯಾರಡ್‌ನ ನಾಲ್ಕು ಕೆಪಾಸಿಟರ್. ಪಿಸಿಯ ಪೋರ್ಟಿನ 2ನೇ ಪಿನ್ ಆರ್‌ಎಕ್ಸ್, 3 ಟಿಎಕ್ಸ್, 5 ಗ್ರೌಂಡ್. ಮ್ಯಾಕ್ಸ್232ರ 14ನೇ ಪಿನ್ ಪೋರ್ಟಿನ 2ಕ್ಕೆ, ಪೋರ್ಟಿನ 3 ಮ್ಯಾಕ್ಸ್232ರ 13ಕ್ಕೆ. ಮೈಕ್ರೋಕಂಟ್ರೋಲರಿನ ಟಿಎಕ್ಸ್ 11ಕ್ಕೆ, ಆರ್‌ಎಕ್ಸ್ 12ಕ್ಕೆ. ಕೆಲಸ ಮಾಡದಿದ್ದರೆ ಮೊದಲು 2 ಮತ್ತು 6ನೇ ಪಿನ್‌ಗಳ ವೋಲ್ಟೇಜ್ ನೋಡಿ. 2ರಲ್ಲಿ ಪ್ಲಸ್ 8ರಿಂದ 10, 6ರಲ್ಲಿ ಮೈನಸ್ 8ರಿಂದ 10 ಇರಬೇಕು. ಇಲ್ಲದಿದ್ದರೆ ಬಹುಪಾಲು 6ನೇ ಪಿನ್ನಿನ ಕೆಪಾಸಿಟರ್ ಉಲ್ಟಾ ಕೂತಿದೆ. ಅದರ ಮೈನಸ್ ಕಾಲು ಪಿನ್ನಿಗೆ, ಪ್ಲಸ್ ಕಾಲು ಗ್ರೌಂಡಿಗೆ ಬರಬೇಕು.

ಲ್ಯಾಪ್‌ಟಾಪುಗಳಲ್ಲಿ ಆ ಪೋರ್ಟೇ ಇಲ್ಲದ್ದರಿಂದ ಈಗ ಎಲ್ಲರೂ ಬಳಸುವುದು ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೇ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೂ ಸಿಎಚ್340, ಸಿಪಿ2102, ಎಫ್‌ಟಿ232ಆರ್‌ಎಲ್ ಎಂಬ ಹೆಸರು ಬರುತ್ತವೆ. ಹೊಸಬರಿಗೆ ಮೂರೂ ಸಾಕು. ಸಿಪಿ2102ರ ಟಿಎಕ್ಸ್ 3.3 ವೋಲ್ಟಿನದು, 5 ವೋಲ್ಟ್ ಒಳಬಂದರೂ ತಡೆದುಕೊಳ್ಳುತ್ತದೆ. ಒಂದೇ ಒಂದು ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಅಡಾಪ್ಟರಿನ ಮೇಲೆ 5 ವೋಲ್ಟ್ ಪಿನ್ ಇದೆ ಎಂದ ಮಾತ್ರಕ್ಕೆ ಅದರ ಟಿಎಕ್ಸ್ 5 ವೋಲ್ಟ್ ಕೊಡುತ್ತದೆ ಎಂದಲ್ಲ. ಮೀಟರ್ ಇಟ್ಟು ನೋಡಿ: ಸುಮ್ಮನಿರುವ ಟಿಎಕ್ಸ್ ಎಷ್ಟು ತೋರಿಸುತ್ತದೋ ಅದೇ ಅದರ ಲಾಜಿಕ್ ಮಟ್ಟ. ಹೆಸರು ಅಳಿಸಿಹೋದ ಬೋರ್ಡಿನಲ್ಲಿ ಟಿಎಕ್ಸ್ ಯಾವುದು ಎಂದು ಹುಡುಕಲೂ ಇದೇ ಉಪಾಯ.

ಅರ್ಧ ಅರ್ಧ ಮಾಡಿ ಪರೀಕ್ಷಿಸಿ

ಏನೂ ಬರುತ್ತಿಲ್ಲ ಎಂದಾಗ ಕೋಡು, ವೈರು, ಡ್ರೈವರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ತಪ್ಪಿತ್ತು ಎಂದು ಯಾವತ್ತೂ ಗೊತ್ತಾಗುವುದಿಲ್ಲ. ಮೊದಲು ಮೈಕ್ರೋಕಂಟ್ರೋಲರನ್ನು ಪಕ್ಕಕ್ಕಿಡಿ. ಅಡಾಪ್ಟರಿನ ಟಿಎಕ್ಸ್, ಆರ್‌ಎಕ್ಸ್ ಎರಡನ್ನೂ ಒಂದು ಜಂಪರ್ ವೈರಿನಿಂದ ಸೇರಿಸಿ, ಟರ್ಮಿನಲ್ ತೆರೆದು ಏನಾದರೂ ಕಳಿಸಿ. ಕಳಿಸಿದ್ದೇ ತಿರುಗಿ ಬಂದರೆ ಕೇಬಲ್, ಡ್ರೈವರ್, ಪೋರ್ಟ್, ಟರ್ಮಿನಲ್ ಎಲ್ಲ ಸರಿ. ಟರ್ಮಿನಲ್‌ನಲ್ಲಿ ಲೋಕಲ್ ಎಕೋ ಆಫ್ ಇರಲಿ, ಇಲ್ಲದಿದ್ದರೆ ವೈರ್ ಕಿತ್ತರೂ ಅಕ್ಷರ ಕಾಣುತ್ತದೆ. ಊನೊದಲ್ಲಿ ಇದನ್ನೇ ಮಾಡಲು ರೀಸೆಟ್ ಪಿನ್ನನ್ನು ಗ್ರೌಂಡಿಗೆ ಸೇರಿಸಿ 328ಪಿಯನ್ನು ಮಲಗಿಸಿ, ಆಮೇಲೆ 0 ಮತ್ತು 1ನೇ ಪಿನ್ನುಗಳನ್ನು ಸೇರಿಸಿ. ಬಾಡ್ ರೇಟಿನ ತಪ್ಪೊಂದು ಈ ಪರೀಕ್ಷೆಗೆ ಸಿಗುವುದಿಲ್ಲ. ಕಳಿಸುವವರೂ ಪಡೆಯುವವರೂ ಒಬ್ಬರೇ ಆದ್ದರಿಂದ ಯಾವ ವೇಗಕ್ಕೂ ಪಾಸಾಗುತ್ತದೆ.

ಪೋರ್ಟೇ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ. ಚಾರ್ಜಿಂಗ್‌ಗೆ ಮಾತ್ರ ಎಂದು ಬರುವ ಅಗ್ಗದ ಕೇಬಲ್ಲುಗಳಲ್ಲಿ ಡೇಟಾದ ಎರಡು ವೈರು ಇರುವುದೇ ಇಲ್ಲ. ಬೋರ್ಡಿನ ಎಲ್‌ಇಡಿ ಹತ್ತುತ್ತದೆ, ಕಂಪ್ಯೂಟರಿಗೆ ಸುದ್ದಿಯೇ ಇಲ್ಲ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದಿಟ್ಟು ಕೇಬಲ್ ಸಿಕ್ಕಿಸಿ, ಕೀಳಿ. ಪಟ್ಟಿ ಒಮ್ಮೆಯೂ ಅಲುಗದಿದ್ದರೆ ಕೇಬಲ್. ಹಳದಿ ತ್ರಿಕೋನ ಬಂದರೆ ಡ್ರೈವರ್. ಲಿನಕ್ಸ್‌ನಲ್ಲಿ ಅಡಾಪ್ಟರುಗಳು ಟಿಟಿವೈಯುಎಸ್‌ಬಿ0 ಎಂದೂ ಅಸಲಿ ಊನೊ ಟಿಟಿವೈಎಸಿಎಂ0 ಎಂದೂ ಬರುತ್ತವೆ. ‘ಪರ್ಮಿಷನ್ ಡಿನೈಡ್’ ಎಂದರೆ ನಿಮ್ಮ ಯೂಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಒಳಬನ್ನಿ. ಲಾಗೌಟ್ ಆಗದಿದ್ದರೆ ಸೇರಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಉಬುಂಟು 22.04ರಲ್ಲಿ ಸಿಎಚ್340 ಸಿಕ್ಕಿಸಿದ ಒಡನೆ ಪೋರ್ಟು ಕಾಣಿಸಿಕೊಂಡು ಮಾಯವಾದರೆ ಬಿಆರ್‌ಎಲ್‌ಟಿಟಿವೈ ಎಂಬ ಬ್ರೈಲ್ ಸಾಧನಗಳ ಪ್ರೋಗ್ರಾಂ ಅದನ್ನು ತನ್ನದೆಂದು ಹಿಡಿದಿದೆ. ಬ್ರೈಲ್ ಡಿಸ್‌ಪ್ಲೇ ಬಳಸದವರು ಅದನ್ನು ತೆಗೆದುಹಾಕಬಹುದು.

ಇನ್ನು ‘ಆಕ್ಸೆಸ್ ಡಿನೈಡ್’ ಅಥವಾ ‘ಪೋರ್ಟ್ ಬಿಜಿ’. ಒಂದು ಪೋರ್ಟನ್ನು ಒಂದು ಪ್ರೋಗ್ರಾಂ ಮಾತ್ರ ಹಿಡಿಯಬೇಕು. ಪೈಥಾನ್ ಓಡಿಸುವ ಮುನ್ನ ಸೀರಿಯಲ್ ಮಾನಿಟರ್ ಮುಚ್ಚಿ.

ಒಂದು ಎಲ್‌ಇಡಿ, ಮೂರು ಬೈಟ್

ಎಲ್ಲರೂ ಮೊದಲು ಬರೆಯುವ ಪ್ರೋಗ್ರಾಂ ಇದು: 1 ಬಂದರೆ 13ನೇ ಪಿನ್ನಿನ ಎಲ್‌ಇಡಿ ಹತ್ತಲಿ, ಇಲ್ಲದಿದ್ದರೆ ಆರಲಿ. ಮಾನಿಟರಿನಲ್ಲಿ 1 ಒತ್ತಿ ಎಂಟರ್ ಹೊಡೆದರೆ ಎಲ್‌ಇಡಿ ಹತ್ತುವುದಿಲ್ಲ.

ಮೊದಲ ಕಾರಣ, ಬರುವುದು ಸಂಖ್ಯೆ 1 ಅಲ್ಲ, 1 ಎಂಬ ಅಕ್ಷರ. ಅದರ ಬೆಲೆ 49. ಕೋಡಿನಲ್ಲಿ ಒಂಟಿ ಉದ್ಧರಣ ಚಿಹ್ನೆಯ ಒಳಗೆ ಹಾಕದೆ ಬರೀ 1ಕ್ಕೆ ಹೋಲಿಸಿದ್ದರೆ ಎಂದಿಗೂ ಸರಿಹೊಂದುವುದಿಲ್ಲ. ಅದನ್ನು ಸರಿಮಾಡಿದರೂ ಎಲ್‌ಇಡಿ ಹತ್ತಿದ್ದು ಕಾಣಲಿಕ್ಕಿಲ್ಲ. ಮಾನಿಟರಿನ ಕೆಳಗೋ ಮೇಲೋ ಇರುವ ಲೈನ್ ಎಂಡಿಂಗ್ ಆಯ್ಕೆ ‘ಬೋತ್’ ಎಂದಿದ್ದರೆ ಹೊರಟದ್ದು ಮೂರು ಬೈಟ್: 49, ಆಮೇಲೆ ಸಾಲು ಮುಗಿಯಿತು ಎನ್ನುವ 13, 10. 49ಕ್ಕೆ ಎಲ್‌ಇಡಿ ಹತ್ತಿತು. ಒಂದು ಮಿಲಿಸೆಕೆಂಡ್ ಆದ ಮೇಲೆ 13 ಬಂತು, ಅದು 1 ಅಲ್ಲ, ಆರಿತು. ಕಣ್ಣಿಗೆ ಕಾಣುವಷ್ಟು ಹೊತ್ತೇ ಇರಲಿಲ್ಲ. ‘ಇಲ್ಲದಿದ್ದರೆ’ ತೆಗೆದು ‘0 ಅಕ್ಷರ ಬಂದರೆ ಆರಲಿ’ ಎಂದು ಬರೆದರೆ 13, 10 ಬಂದರೂ ಚಿಂತೆ ಇಲ್ಲ. ಏನು ಬರುತ್ತಿದೆ ಎಂದು ನಂಬಿಕೆ ಇಲ್ಲದಾಗ ಓದಿದ ಬೈಟನ್ನು ದಶಮಾಂಶ ಸಂಖ್ಯೆಯಾಗಿ ತಿರುಗಿ ಪ್ರಿಂಟ್ ಮಾಡಿಸಿ. ಅರ್ಧಕ್ಕರ್ಧ ಗೊಂದಲ ಅಲ್ಲೇ ಕರಗುತ್ತದೆ.

ಕಳಿಸುವಾಗಲೂ ಇದೇ. ಸೀರಿಯಲ್.ಪ್ರಿಂಟ್‌ಗೆ 65 ಕೊಟ್ಟರೆ 6 ಮತ್ತು 5 ಎಂಬ ಎರಡು ಅಕ್ಷರ ಹೋಗುತ್ತವೆ, ಸೀರಿಯಲ್.ರೈಟ್‌ಗೆ 65 ಕೊಟ್ಟರೆ ಒಂದೇ ಬೈಟ್, ಮಾನಿಟರಿನಲ್ಲಿ ‘ಎ’ ಕಾಣುತ್ತದೆ. ಸೆನ್ಸರಿನ 1023 ಎಂಬ ಬೆಲೆಯನ್ನು ಎರಡು ಬೈಟ್ ಮಾಡಿ 255, 3 ಎಂದು ಕಳಿಸಿದರೆ ಜಾಗ ಉಳಿಯುತ್ತದೆ ನಿಜ, ಆದರೆ ನಡುವೆ ಒಂದು ಬೈಟ್ ಕಳೆದುಹೋದರೆ ಪಡೆಯುವವರು 3, 255 ಎಂದು ಜೋಡಿಸಿ 65283 ಎಂದು ಓದುತ್ತಾರೆ. ಅಲ್ಲಿಂದ ಮುಂದೆ ಎಲ್ಲವೂ ಹಾಗೇ. ಎಲ್ಲಿ ಶುರು, ಎಲ್ಲಿ ಕೊನೆ ಎಂಬುದಕ್ಕೆ ಗುರುತಿಲ್ಲ. ಹೊಸಬರು ಅಕ್ಷರಗಳಲ್ಲೇ ಕಳಿಸಿ ಸಾಲಿನ ಕೊನೆಗೆ 10 ಹಾಕುವುದು ವಾಸಿ. ಜಿಪಿಎಸ್ ಮಾಡ್ಯೂಲುಗಳ ಎನ್‌ಎಂಇಎ ಸಾಲುಗಳೂ ಹೀಗೇ ಇವೆ: ಡಾಲರ್ ಚಿಹ್ನೆಯಿಂದ ಶುರು, ಅಲ್ಪವಿರಾಮದಿಂದ ಬೇರೆಯಾದ ಬೆಲೆಗಳು, ನಕ್ಷತ್ರ ಚಿಹ್ನೆ, ಅದರ ಮುಂದೆ ಎರಡಂಕಿಯ ಚೆಕ್‌ಸಮ್. ಡಾಲರಿಗೂ ನಕ್ಷತ್ರಕ್ಕೂ ನಡುವಿನ ಎಲ್ಲ ಅಕ್ಷರಗಳ ಎಕ್ಸ್‌ಆರ್ ಅದು. ಮಾದರಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಸಾಲು ಓದಲು ರೀಡ್‌ಸ್ಟ್ರಿಂಗ್, ಪಾರ್ಸ್‌ಇಂಟ್ ಬಳಸಿದವರು ಬೋರ್ಡು ಒಂದು ಸೆಕೆಂಡ್ ತಡವಾಗಿ ಪ್ರತಿಕ್ರಿಯಿಸುತ್ತದೆ ಎಂದು ದೂರುತ್ತಾರೆ. ಇನ್ನೂ ಬೈಟ್ ಬರಬಹುದು ಎಂದು ಅವು 1000 ಮಿಲಿಸೆಕೆಂಡ್ ಕಾಯುತ್ತವೆ. 32 ಬೈಟ್‌ನ ಒಂದು ಅರೇ ಇಟ್ಟುಕೊಂಡು, ಅವೈಲಬಲ್ ಎಂದಾಗಲೆಲ್ಲ ಒಂದೊಂದೇ ಬೈಟ್ ಓದಿ ತುಂಬಿ, 13 ಬಂದರೆ ಬಿಟ್ಟು, 10 ಬಂದರೆ ಕೊನೆಗೆ ಸೊನ್ನೆ ಹಾಕಿ ಸಾಲು ಮುಗಿಯಿತು ಎಂದುಕೊಳ್ಳಿ. 31 ಅಕ್ಷರ ದಾಟಿದರೆ ತುಂಬಬೇಡಿ. ಈ ಒಂದು ಷರತ್ತು ಬಿಟ್ಟುಹೋದ ಕೋಡು ವಾರಗಟ್ಟಲೆ ನಡೆದು, ಯಾವತ್ತೋ ಒಂದು ಉದ್ದ ಸಾಲು ಬಂದ ದಿನ ಪಕ್ಕದ ಮೆಮರಿಯನ್ನು ತುಳಿಯುತ್ತದೆ.

ಊನೊದ ಪಡೆಯುವ ಬಫರ್ 64 ಬೈಟ್, ಅದರಲ್ಲಿ ನಿಲ್ಲುವುದು 63. 9600ರಲ್ಲಿ ಅದು ತುಂಬಲು ಸುಮಾರು 65 ಮಿಲಿಸೆಕೆಂಡ್, 115200ರಲ್ಲಿ 5.5. ಲೂಪ್‌ನಲ್ಲಿ ಡಿಲೇ 1000 ಎಂದಿದ್ದರೆ ಆ ಸೆಕೆಂಡಿನಲ್ಲಿ ಬಂದ ಉಳಿದ ಬೈಟುಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ, ಎರರ್ ಕೂಡ ಬರುವುದಿಲ್ಲ. ಕಳಿಸುವ ಬಫರ್ ತುಂಬಿದರೆ ಬೇರೆ ರೀತಿ: ಪ್ರಿಂಟ್ ಜಾಗ ಸಿಗುವವರೆಗೆ ಕಾಯುತ್ತದೆ, ನಿಮ್ಮ ಲೂಪ್ ನಿಧಾನವಾಗುತ್ತದೆ. ಮೋಟಾರ್ ನಡುಗುತ್ತಿದೆ ಎಂದು ಹುಡುಕಿದರೆ ಡೀಬಗ್‌ಗೆಂದು ಹಾಕಿದ ಪ್ರಿಂಟ್ ಸಾಲುಗಳೇ ಕಾರಣ ಆಗಿರುವುದುಂಟು.

ಪೈಥಾನ್ ಕಡೆ

ಪಿಪ್‌ನಿಂದ ಹಾಕಿಕೊಳ್ಳಬೇಕಾದ್ದು ಪೈಸೀರಿಯಲ್. ಇಂಪೋರ್ಟ್ ಮಾಡುವ ಹೆಸರು ಸೀರಿಯಲ್ ಆದ್ದರಿಂದ ಅನೇಕರು ಸೀರಿಯಲ್ ಎಂಬ ಬೇರೆಯೇ ಪ್ಯಾಕೇಜ್ ಹಾಕಿಕೊಂಡು ‘ಸೀರಿಯಲ್ ಎಂಬ ಆಟ್ರಿಬ್ಯೂಟ್ ಇಲ್ಲ’ ಎಂಬ ಎರರಿಗೆ ಸಿಕ್ಕಿಬೀಳುತ್ತಾರೆ. ನಿಮ್ಮ ಫೈಲಿಗೇ ಸೀರಿಯಲ್ ಎಂದು ಹೆಸರಿಟ್ಟರೂ ಅದೇ ಎರರ್.

ಪೋರ್ಟಿನ ಹೆಸರು, 9600, ಟೈಮ್‌ಔಟ್ 1 ಕೊಟ್ಟು ತೆರೆಯಿರಿ. ತೆರೆದ ತಕ್ಷಣ ಕಳಿಸಿದ ಮೊದಲ ಆಜ್ಞೆ ಊನೊಗೆ ತಲುಪುವುದಿಲ್ಲ. ಪೋರ್ಟ್ ತೆರೆದಾಗ ಕಂಪ್ಯೂಟರ್ ಸಿದ್ಧ ಎಂದು ಹೇಳುವ ಡಿಟಿಆರ್ ಲೈನ್ ಇಳಿಯುತ್ತದೆ, ಅದು 100 ನ್ಯಾನೋಫ್ಯಾರಡ್ ಕೆಪಾಸಿಟರ್ ಮೂಲಕ ರೀಸೆಟ್ ಪಿನ್ನನ್ನು ಎಳೆಯುತ್ತದೆ, ಬೋರ್ಡು ರೀಸೆಟ್ ಆಗಿ ಬೂಟ್‌ಲೋಡರ್ ಹೊಸ ಪ್ರೋಗ್ರಾಂಗೆ ಕಾಯುತ್ತ ಕೂರುತ್ತದೆ. ಐಡಿಇ ರೀಸೆಟ್ ಒತ್ತಿಸದೆ ಅಪ್‌ಲೋಡ್ ಮಾಡುವುದು ಇದರಿಂದಲೇ. ತೆರೆದ ಮೇಲೆ 2 ಸೆಕೆಂಡ್ ಕಾದು, ಒಳಬಂದಿರುವ ಬಫರ್ ಖಾಲಿ ಮಾಡಿ, ಆಮೇಲೆ ಮಾತು ಶುರುಮಾಡಿ. ಇನ್ನೂ ಗಟ್ಟಿ ವಿಧಾನ ಬೇಕೆಂದರೆ ಸೆಟಪ್‌ನ ಕೊನೆಗೆ ಬೋರ್ಡೇ ‘ರೆಡಿ’ ಎಂದು ಒಂದು ಸಾಲು ಕಳಿಸಲಿ, ಪೈಥಾನ್ ಅದಕ್ಕೆ ಕಾಯಲಿ. ರೀಸೆಟ್ ಆಗಲೇಬಾರದು ಎಂದರೆ ರೀಸೆಟ್‌ಗೂ ಗ್ರೌಂಡಿಗೂ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಪ್ಲಸ್ ಕಾಲು ರೀಸೆಟ್‌ಗೆ. ಅಪ್‌ಲೋಡ್ ಮಾಡುವಾಗ ಕೀಳಲು ಮರೆತರೆ ಮತ್ತೆ ‘ನಾಟ್ ಇನ್ ಸಿಂಕ್’.

ರೀಡ್‌ಲೈನ್ ಕೊಡುವುದು ಬೈಟುಗಳನ್ನು, ಸ್ಟ್ರಿಂಗನ್ನಲ್ಲ. ಡಿಕೋಡ್ ಮಾಡಿ, ಸ್ಟ್ರಿಪ್ ಮಾಡಿ, ಆಮೇಲೆ ಇಂಟ್‌ಗೆ ಕೊಡಿ. ಟೈಮ್‌ಔಟ್ ಆದಾಗ ಖಾಲಿ ಅಥವಾ ಅರ್ಧ ಸಾಲು ಬರಬಹುದು. ಕೊನೆಯಲ್ಲಿ 10 ಇದೆಯೇ ಎಂದು ನೋಡದೆ ಸಂಖ್ಯೆ ಮಾಡಿದರೆ 1023 ಬದಲು 10 ಎಂದು ದಾಖಲಾಗಿ, ಗ್ರಾಫಿನಲ್ಲಿ ವಿವರಣೆ ಇಲ್ಲದ ಗುಂಡಿ ಬೀಳುತ್ತದೆ.

ಕನ್ನಡದಲ್ಲಿ ಸಂದೇಶ ಕಳಿಸುವವರಿಗೆ ಒಂದು ಮಾತು. ಸೀರಿಯಲ್‌ಗೆ ಭಾಷೆಯ ಹಂಗಿಲ್ಲ, ಹೋಗುವುದು ಬೈಟುಗಳು. ಯುಟಿಎಫ್-8ರಲ್ಲಿ ‘ಕ’ ಮೂರು ಬೈಟ್: 224, 178, 149. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಒಳಗೆ ಕ, ನ, ಹಲಂತ, ನ, ಡ ಎಂದು ಐದು ಕೋಡ್‌ಪಾಯಿಂಟ್, ಒಟ್ಟು 15 ಬೈಟ್. ಸ್ಟ್ರಿಂಗಿನ ಉದ್ದ ಕೇಳಿದರೆ ಆರ್ಡುಯಿನೊ 15 ಎಂದೇ ಹೇಳುತ್ತದೆ, ಮೇಲೆ ಹೇಳಿದ 32 ಬೈಟ್‌ನ ಅರೇಯಲ್ಲಿ ಇಂಥ ಎರಡು ಪದ ಹಿಡಿದರೆ ಹೆಚ್ಚು. ಪೈಥಾನ್‌ನಲ್ಲಿ ಒಂದು ಬೈಟ್ ಓದಿ ಡಿಕೋಡ್ ಮಾಡಲು ಹೋದರೆ ಯೂನಿಕೋಡ್‌ಡಿಕೋಡ್‌ಎರರ್ ಬರುತ್ತದೆ, ಏಕೆಂದರೆ 224 ಒಂಟಿಯಾಗಿ ಯಾವ ಅಕ್ಷರವೂ ಅಲ್ಲ. ಇಡೀ ಸಾಲು ಕೈಗೆ ಬಂದ ಮೇಲೆ ಒಂದೇ ಸಲ ಡಿಕೋಡ್ ಮಾಡಿ. 10 ಎಂಬ ಬೈಟ್ ಕನ್ನಡ ಅಕ್ಷರಗಳ ಒಳಗೆ ಎಲ್ಲೂ ಬರುವುದಿಲ್ಲ, ಅವುಗಳ ಎಲ್ಲ ಬೈಟುಗಳೂ 128 ಅಥವಾ ಅದರ ಮೇಲಿನವೇ. ಹಾಗಾಗಿ ಸಾಲಿನ ಕೊನೆ ಹುಡುಕುವ ಕೋಡನ್ನು ಬದಲಿಸುವ ಅಗತ್ಯವಿಲ್ಲ.